ಹಲ್ಲು ಕ್ಲೀನ್ ಮಾಡೋಕೆ ಐದು ವರ್ಷ ಓದಬೇಕಾ?

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಆ ಅಂತ ಬಾಯಿ ತೆರೆದು ಮಲಗಿದ್ದೀರಿ. ಮೇಲೆ ಕಣ್ಣಿಗೆ ಹೊಡೆಯುವ ಲೈಟು. ತುಟಿಯಂಚಿನಲ್ಲಿ ಸಿಕ್ಕಿಸಿದ ಪೈಪು ಗೊರಗೊರ ಅಂತ ಉಗುಳು ಎಳೆಯುತ್ತಿದೆ. ಸ್ಕೇಲರ್ ಕೀಂ ಎನ್ನುತ್ತಾ ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಗೆ ಬಂತು. ಅಲ್ಲೇ ಕೆಲಸ ಜಾಸ್ತಿ. ನಾಲಿಗೆ ಅಡಿಯಲ್ಲಿ ಜೊಲ್ಲು ಒಸರುವ ನಾಳ ತೆರೆಯುವುದು ಆ ಜಾಗದಲ್ಲೇ. ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಪಾಚಿಗೆ ಸೇರಿ, ನಲ್ಲಿ ಬಾಯಲ್ಲಿ ಬೋರ್‌ವೆಲ್ ನೀರಿನ ಬಿಳಿ ಕಟ್ಟುವಂತೆ, ಗಟ್ಟಿ ಕಿಟ್ಟವಾಗುತ್ತದೆ. ಸ್ಕೇಲರ್ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ನಡುಗಿ ಅದನ್ನು ಒಡೆಯುತ್ತದೆ. ಬಟ್ಟಲಿಗೆ ಉಗುಳಿದರೆ ಸ್ವಲ್ಪ ರಕ್ತ, ಜೊತೆಗೆ ಕಂದು ಬಣ್ಣದ ಚೂರುಗಳು.

ಆ ಸ್ಕೇಲರ್ ಹಿಡಿದ ಕೈ ಯಾರದು? ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಆದರೆ ಬಿಡಿಎಸ್ ಮುಗಿಸಿದ ಡಾಕ್ಟರದು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಮೆರಿಕದಲ್ಲಾದರೆ ಸಾಮಾನ್ಯವಾಗಿ ಡೆಂಟಲ್ ಹೈಜೀನಿಸ್ಟ್‌ದು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ಮೂರು ವರ್ಷ ಇದನ್ನೇ ಕಲಿತು, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದವರು. ಅಲ್ಲಿ ಡಾಕ್ಟರು ಕೊನೆಯಲ್ಲಿ ಬಂದು ಒಂದಷ್ಟು ಹೊತ್ತು ನೋಡಿ ಹೋಗುತ್ತಾರೆ.

ನಾನು ಈ ವಿಷಯದ ಹಿಂದೆ ಬಿದ್ದಿದ್ದು ಪಕ್ಕದ ಮನೆ ಹುಡುಗಿಯಿಂದ. ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನೀಟ್‌ನಲ್ಲಿ ಎಂಬಿಬಿಎಸ್ ಸೀಟಿಗೆ ಸಾಲುವಷ್ಟು ಮಾರ್ಕ್ಸ್ ಬರಲಿಲ್ಲ. ಕೈಯಲ್ಲಿ ನಾಲ್ಕು ಕಾಲೇಜಿನ ಬ್ರೋಷರ್ ಹಿಡಿದು ಬಂದಳು. "ಅಂಕಲ್, ಡೆಂಟಲ್ ಹೈಜೀನ್ ಅಂತಾನೂ ಇದೆಯಂತೆ. ಎರಡೇ ವರ್ಷ. ಅಮೆರಿಕದಲ್ಲಿ ತುಂಬಾ ಸಂಬಳ ಅಂತ ಯೂಟ್ಯೂಬಲ್ಲಿ ನೋಡಿದೆ. ತಗೊಳ್ಳಲಾ? ಇಲ್ಲ ಡಯಾಲಿಸಿಸ್ ತಗೊಳ್ಳಲಾ?"

ಅವಳು ನೋಡಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಹೈಜೀನಿಸ್ಟ್‌ಗಳ ನಡುಮಟ್ಟದ ಸಂಬಳ ವರ್ಷಕ್ಕೆ 80 ಸಾವಿರ ಡಾಲರ್‌ಗೂ ಜಾಸ್ತಿ. ಕೋರ್ಸ್ ಇರುವುದೂ ನಿಜ. ಆದರೆ ಕೋರ್ಸ್ ಇದೆ ಅಂದ ಮಾತ್ರಕ್ಕೆ ಕೆಲಸಕ್ಕೆ ಜಾಗ ಇದೆ ಅಂತಲ್ಲ. ಪ್ಯಾರಾಮೆಡಿಕಲ್ ಓದುಗಳ ಬಗ್ಗೆ ನಮ್ಮಲ್ಲಿ ಮಾತಾಡುವಾಗ ತಪ್ಪಿಹೋಗುವುದು ಇದೇ. ಎಷ್ಟು ಸೀಟು, ಎಷ್ಟು ಫೀಸು, ಎಷ್ಟು ವರ್ಷ ಅಂತ ಎಲ್ಲರೂ ಕೇಳುತ್ತಾರೆ. ಕಲಿತ ಮೇಲೆ ಆಸ್ಪತ್ರೆಯಲ್ಲಿ ನಿಲ್ಲಲು ಜಾಗ ಎಲ್ಲಿ, ಆ ಜಾಗದಲ್ಲಿ ಈಗ ಯಾರು ನಿಂತಿದ್ದಾರೆ ಅಂತ ಕೇಳುವವರು ಕಡಿಮೆ.

ಬ್ರಿಜ್‌ಪೋರ್ಟ್‌ನಿಂದ ಶುರು

ಈ ಕೆಲಸ ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಅನ್ನೋ ಊರಲ್ಲಿ. ಅಲ್ಲಿ ಆಲ್ಫ್ರೆಡ್ ಫೋನ್ಸ್ ಅಂತ ಒಬ್ಬ ದಂತವೈದ್ಯ. ಹಲ್ಲು ಹಾಳಾದ ಮೇಲೆ ಕೀಳುವ ಬದಲು ಹಾಳಾಗದಂತೆ ನೋಡಿಕೊಳ್ಳಬೇಕು ಅನ್ನುವುದು ಆತನ ಹಟ. ಆದರೆ ಒಬ್ಬ ಡಾಕ್ಟರು ದಿನವಿಡೀ ಎಷ್ಟು ಬಾಯಿ ಕ್ಲೀನ್ ಮಾಡಬಹುದು? 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಆ ಕೆಲಸ ಕಲಿಸಿದ. 1913ರಲ್ಲಿ ಮೊದಲ ತರಗತಿ ಶುರು ಮಾಡಿದ. ಮರುವರ್ಷ 27 ಹೆಂಗಸರು ಪಾಸಾಗಿ ಹೊರಬಂದರು. 1917ರಲ್ಲಿ ಜಗತ್ತಿನ ಮೊದಲ ಹೈಜೀನಿಸ್ಟ್ ಲೈಸೆನ್ಸ್ ನ್ಯೂಮನ್‌ಗೇ ಸಿಕ್ಕಿತು.

ಆ 27 ಜನರಲ್ಲಿ ಹೆಚ್ಚಿನವರು ಹೋಗಿದ್ದು ಕ್ಲಿನಿಕ್ಕಿಗಲ್ಲ, ಬ್ರಿಜ್‌ಪೋರ್ಟ್‌ನ ಶಾಲೆಗಳಿಗೆ. ಮಕ್ಕಳ ಹಲ್ಲು ಉಜ್ಜಿಸಿ, ಹೇಗೆ ಉಜ್ಜಬೇಕು ಅಂತ ಹೇಳಿಕೊಡೋಕೆ. ಅಂದರೆ ಫೋನ್ಸ್ ಬರೀ ಕೋರ್ಸ್ ಮಾಡಲಿಲ್ಲ. ಕಲಿತವರು ಹೋಗಿ ನಿಲ್ಲುವ ಜಾಗವನ್ನೂ ಜೊತೆಗೇ ಮಾಡಿದ. 1921ರಲ್ಲಿ ನ್ಯೂಜಿಲೆಂಡ್ ಕೂಡ ಶಾಲೆಗಳಿಗೆಂದೇ ಡೆಂಟಲ್ ನರ್ಸ್‌ಗಳನ್ನು ತಯಾರು ಮಾಡಲು ಶುರು ಮಾಡಿತು. ಅಲ್ಲೂ ಅಷ್ಟೇ. ಮೊದಲು ಶಾಲೆಯ ಮಕ್ಕಳ ಕೊಳೆತ ಹಲ್ಲು ಕಣ್ಣಿಗೆ ಬಿತ್ತು, ಆಮೇಲೆ ತರಬೇತಿ ಬಂತು.

ನಾವೇನೂ ತಡ ಮಾಡಿದವರಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದಂತವೈದ್ಯರ ಕಾಯ್ದೆ ಬಂತು. ಅದರಲ್ಲಿ ಮೂರು ಬಗೆಯ ಜನರ ಹೆಸರಿತ್ತು: ಡೆಂಟಿಸ್ಟ್, ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್. ಹಲ್ಲಿನ ಕಿಟ್ಟ ತೆಗೆಯುವುದು, ಪಾಲಿಶ್ ಮಾಡುವುದು, ಬಾಯಿ ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಿಕೊಡುವುದು ಹೈಜೀನಿಸ್ಟ್ ಕೆಲಸ. ಹಲ್ಲಿನ ಸೆಟ್ಟು, ಕ್ಯಾಪು ಇವೆಲ್ಲ ಮಾಡುವುದು ಮೆಕ್ಯಾನಿಕ್ ಕೆಲಸ. ಪಿಯುಸಿ ಸೈನ್ಸ್ ಆದಮೇಲೆ ಎರಡು ವರ್ಷದ ಡಿಪ್ಲೊಮಾ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು.

ಹಾಗಾದರೆ ಅವರೆಲ್ಲ ಎಲ್ಲಿ ಹೋದರು?

ಕರ್ನಾಟಕಕ್ಕೆ ಬನ್ನಿ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು 1950ರ ದಶಕದ ಕೊನೆಯದು. 1965ರಲ್ಲಿ ಮಣಿಪಾಲ ಬಂತು. ಎಪ್ಪತ್ತರ ಕೊನೆಯಲ್ಲಿ ದಾವಣಗೆರೆ. ಎಂಬತ್ತರ ದಶಕದಲ್ಲಿ ಬೆಳಗಾವಿ, ಧಾರವಾಡ, ಮಂಗಳೂರು, ಮೈಸೂರು ಅಂತ ಸಾಲುಗಟ್ಟಿ ಬಂದವು. ಕ್ಯಾಪಿಟೇಶನ್ ಫೀ ಅನ್ನೋ ಪದ ಮನೆಮಾತಾದ ಕಾಲ ಅದು. ಈಗ ರಾಜ್ಯದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ದೇಶದಲ್ಲಿ 300ಕ್ಕೂ ಹೆಚ್ಚು.

ಇಷ್ಟು ಕಾಲೇಜಿಂದ ಹೊರಬಂದ ಡಾಕ್ಟರುಗಳಲ್ಲಿ ಹೆಚ್ಚಿನವರು ಊರಲ್ಲೇ ನಿಂತರು. ಊರು ಅಂದರೆ ಪಟ್ಟಣ. ಒಂದೇ ರಸ್ತೆಯಲ್ಲಿ ನಾಲ್ಕು ಡೆಂಟಲ್ ಕ್ಲಿನಿಕ್ ಬೋರ್ಡು ನೋಡದ ಬೆಂಗಳೂರಿಗರು ಇದ್ದಾರಾ? ಹೊಸದಾಗಿ ಬಿಡಿಎಸ್ ಮುಗಿಸಿದವರು ದೊಡ್ಡ ಕ್ಲಿನಿಕ್ಕಲ್ಲಿ ತಿಂಗಳಿಗೆ 15–20 ಸಾವಿರಕ್ಕೆ ಸೇರುವ ಮಾತು ಆ ವಲಯದಲ್ಲಿ ಮಾಮೂಲು. ಹೀಗಿರುವಾಗ ಕ್ಲಿನಿಕ್ ಮಾಲೀಕರ ಲೆಕ್ಕ ನೋಡಿ. ಹೈಜೀನಿಸ್ಟ್ ಇಟ್ಟುಕೊಂಡರೆ ಸ್ಕೇಲಿಂಗ್ ಒಂದೇ ಆಗುತ್ತದೆ. ಹೆಚ್ಚುಕಮ್ಮಿ ಅದೇ ಸಂಬಳಕ್ಕೆ ಬಿಡಿಎಸ್ ಸಿಕ್ಕರೆ ಸ್ಕೇಲಿಂಗೂ ಆಗುತ್ತದೆ, ಹುಳುಕು ತುಂಬುವುದೂ ಆಗುತ್ತದೆ, ಹಲ್ಲು ಕೀಳುವುದೂ ಆಗುತ್ತದೆ. ಯಾರನ್ನು ಇಟ್ಟುಕೊಳ್ಳುತ್ತಾರೆ?

ಅಮೆರಿಕದ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಡೆಂಟಿಸ್ಟ್ ಸಮಯ ಭಾರಿ ದುಬಾರಿ. ಅವರು ಸ್ಕೇಲಿಂಗ್‌ಗೆ ಕೂತರೆ ಕ್ಲಿನಿಕ್‌ಗೆ ನಷ್ಟ. ಹಾಗಾಗಿ ಸುಮಾರು 2 ಲಕ್ಷ ಡೆಂಟಿಸ್ಟ್‌ಗಳ ಪಕ್ಕದಲ್ಲಿ 2 ಲಕ್ಷಕ್ಕೂ ಹೆಚ್ಚು ಹೈಜೀನಿಸ್ಟ್‌ಗಳಿದ್ದಾರೆ. ನಮ್ಮಲ್ಲಿ ನೋಂದಾಯಿತ ದಂತವೈದ್ಯರೇ ಸುಮಾರು 3 ಲಕ್ಷ. ಹೈಜೀನಿಸ್ಟ್‌ಗಳು ಅದರ ಪಕ್ಕದಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಒಂದು ವಿಚಿತ್ರ ಇದೆ. ಡೆಂಟಲ್ ಸೀಟು ಜಾಸ್ತಿಯಾಗಿ ಕೊನೆಗೆ ತುಂಬಲೂ ಇಲ್ಲ. 2020–21ರ ಸಾಲಿನಲ್ಲಿ ದೇಶದಲ್ಲಿ ಸುಮಾರು 7 ಸಾವಿರ ಬಿಡಿಎಸ್ ಸೀಟು ಖಾಲಿ ಉಳಿದವು. ಆ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2021ರ ಫೆಬ್ರುವರಿಯಲ್ಲಿ ಕೋರ್ಟು ಆ ವರ್ಷದ ಮಟ್ಟಿಗೆ ನೀಟ್ ಕಟ್‌ಆಫ್ ಅನ್ನು 10 ಪರ್ಸೆಂಟೈಲ್ ಇಳಿಸಿತು. ಡಾಕ್ಟರ್ ಸೀಟೇ ಖಾಲಿ ಹೊಡೆಯುವಾಗ, ಡಾಕ್ಟರ ಕೈಕೆಳಗೆ ಕೆಲಸ ಮಾಡುವ ಡಿಪ್ಲೊಮಾಕ್ಕೆ ಮಗಳನ್ನು ಕಳಿಸಲು ಯಾವ ಅಪ್ಪ ಅಮ್ಮ ಮನಸ್ಸು ಮಾಡುತ್ತಾರೆ? "ಇನ್ನೊಂದು ಮೂರು ವರ್ಷ ಜಾಸ್ತಿ ಓದಿದರೆ ಡಾಕ್ಟರೇ ಆಗ್ತೀಯಲ್ಲ" ಅನ್ನುತ್ತಾರೆ. ತಪ್ಪೂ ಅಲ್ಲ.

ಹಾಗಂತ ಕ್ಲಿನಿಕ್ಕಲ್ಲಿ ಸಹಾಯಕರೇ ಇಲ್ಲವೇ? ಇದ್ದಾರೆ. ಟ್ರೇ ಜೋಡಿಸುವ, ಸಕ್ಷನ್ ಹಿಡಿಯುವ, ಸಿಮೆಂಟ್ ಕಲಸಿ ಕೊಡುವ, ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಹುಡುಗಿ. ಹೆಚ್ಚಿನ ಕಡೆ ಅವಳು ಎಲ್ಲೂ ಕಲಿತಿಲ್ಲ. ಕ್ಲಿನಿಕ್ಕಲ್ಲೇ ನೋಡಿ ನೋಡಿ ಕಲಿತವಳು. ಕೆಲವರು ನಿಜಕ್ಕೂ ಚುರುಕು. ಆದರೆ ಅವಳ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ, ಕಲಿತದ್ದಕ್ಕೆ ಕಾಗದ ಇಲ್ಲ. ಬೇರೆ ಊರಿಗೆ ಹೋದರೆ ಮತ್ತೆ ಸೊನ್ನೆಯಿಂದ ಶುರು. ಒಂದು ಸಲ ನಾನು ಹೋದ ಕ್ಲಿನಿಕ್ಕೊಂದರಲ್ಲಿ ಡಾಕ್ಟರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಸ್ಕೇಲರ್ ಹಿಡಿದು ಮುಂದುವರಿಸಿದ್ದು ಆ ಹುಡುಗಿಯೇ. ವಸಡಿಗೆ ಎರಡು ಕಡೆ ಚುಚ್ಚಿತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಕಲಿಸದೆ ಕೊಟ್ಟವರ ಮೇಲೆ ಬಂತು.

ಮೆಕ್ಯಾನಿಕ್ ಉಳಿದ, ಹೈಜೀನಿಸ್ಟ್ ಅಳಿದ

1948ರ ಕಾಯ್ದೆಯಲ್ಲಿ ಹೈಜೀನಿಸ್ಟ್ ಪಕ್ಕದಲ್ಲೇ ಹೆಸರಿದ್ದ ಡೆಂಟಲ್ ಮೆಕ್ಯಾನಿಕ್ ಕತೆ ಬೇರೆಯೇ ಆಯಿತು. ಓದು ಹೆಚ್ಚುಕಡಿಮೆ ಅಷ್ಟೇ ವರ್ಷ, ಅದೇ ಕಾಲೇಜು. ಆದರೆ ಅವರಿಗೆ ಕೆಲಸ ಇದೆ.

ಡೆಂಟಲ್ ಲ್ಯಾಬ್ ಒಳಗೆ ಹೋಗಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಟೇಬಲ್ ಮೇಲೆಲ್ಲ ಪ್ಲಾಸ್ಟರ್ ಪುಡಿ. ಗ್ಯಾಸ್ ಜ್ವಾಲೆಗೆ ಹಿಡಿದು ಮೆತ್ತಗೆ ಮಾಡಿದ ಗುಲಾಬಿ ಮೇಣ. ಕ್ಲಿನಿಕ್‌ನಿಂದ ಬಂದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಮಾಡೆಲ್ ಮಾಡುತ್ತಾರೆ. ಅದರ ಮೇಲೆ ಮೇಣದ ದಿಂಡು ಕಟ್ಟಿ, ಒಂದೊಂದೇ ಹಲ್ಲು ಸಿಕ್ಕಿಸುತ್ತಾರೆ. ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಅಜ್ಜ ರೊಟ್ಟಿ ಅಗಿದಾಗ ಸೆಟ್ಟು ಎದ್ದು ಬರುತ್ತದೆ. ಬಾಯಿಗೆ ಹಾಕಿ ನೋಡಿ ಒಪ್ಪಿಗೆ ಆದಮೇಲೆ ಮೇಣ ಕರಗಿಸಿ, ಆ ಜಾಗಕ್ಕೆ ಅಕ್ರಿಲಿಕ್ ತುಂಬಿ, ಬಿಸಿನೀರಲ್ಲಿ ಬೇಯಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಗಂಟೆಗಟ್ಟಲೆ ಕೈಕೆಲಸ. ಅಕ್ಕಸಾಲಿಗರ ಕೆಲಸಕ್ಕೂ ಇದಕ್ಕೂ ದೂರ ಏನಿಲ್ಲ.

ಡಾಕ್ಟರುಗಳು ಇದನ್ನು ಕಾಲೇಜಲ್ಲಿ ಕಲಿತಿರುತ್ತಾರೆ, ಆದರೆ ಕ್ಲಿನಿಕ್ ಹಾಕಿದ ಮೇಲೆ ಮಾಡುವುದಿಲ್ಲ. ರೋಗಿ ಎದುರಿಗೆ ಇಲ್ಲದ ಕೆಲಸ ಇದು. ಹಾಗಾಗಿ ಹೊರಗಿನ ಲ್ಯಾಬಿಗೆ ಕಳಿಸುತ್ತಾರೆ. 2014ರ ಸುಮಾರಿಗೆ ರಾಜ್ಯ ಸರ್ಕಾರ ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡಲು ದಂತಭಾಗ್ಯ ಯೋಜನೆ ತಂದಿತಲ್ಲ, ಅಂಥ ಒಂದೊಂದು ಸೆಟ್ಟಿನ ಹಿಂದೆಯೂ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ಈಗ ಈ ಕೆಲಸ ಕಂಪ್ಯೂಟರಿಗೂ ಹತ್ತಿದೆ. ಬಾಯಿ ಸ್ಕ್ಯಾನ್ ಮಾಡಿ, ಪರದೆ ಮೇಲೆ ಡಿಸೈನ್ ಮಾಡಿ, ಪಿಂಗಾಣಿಯಂಥ ಜಿರ್ಕೋನಿಯಾ ಗಟ್ಟಿಯನ್ನು ಮಷೀನಲ್ಲಿ ಕೊರೆಯುತ್ತಾರೆ. ಕೇರಳದ ಮೂವಾಟ್ಟುಪುಳದಂಥ ಸಣ್ಣ ಊರಲ್ಲೂ ಸಾವಿರಾರು ಜನ ಕೆಲಸ ಮಾಡುವ ಡೆಂಟಲ್ ಲ್ಯಾಬ್ ಬೆಳೆದು ನಿಂತಿದೆ.

ಈ ಎರಡು ಕತೆ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವ ಸೂತ್ರ ಇಷ್ಟು. ಡಾಕ್ಟರು ಮಾಡಲಾರದ, ಇಲ್ಲವೇ ಮಾಡಲು ಒಲ್ಲದ ಕೆಲಸ ಕಲಿತವರಿಗೆ ಜಾಗ ಇದೆ. ಡಾಕ್ಟರು ತಾವೇ ಮಾಡಿ ದುಡಿಯಬಹುದಾದ ಕೆಲಸ ಕಲಿತವರಿಗೆ ಇಲ್ಲ. ಕೋರ್ಸ್ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು.

ಡಯಾಲಿಸಿಸ್ ಕೋಣೆಯಲ್ಲಿ

ಇದೇ ಸೂತ್ರ ಹಿಡಿದು ಹುಡುಗಿಯ ಬ್ರೋಷರ್ ತೆರೆಯೋಣ. ಡಯಾಲಿಸಿಸ್ ಟೆಕ್ನಾಲಜಿ ತಗೊಳ್ಳಿ. ಕಿಡ್ನಿ ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ತೋಳಿನಲ್ಲಿ ಉಬ್ಬಿ ನಿಂತ ಫಿಸ್ಟುಲಾಗೆ, ಅಂದರೆ ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳಕ್ಕೆ, ಎರಡು ದಪ್ಪ ಸೂಜಿ ಚುಚ್ಚಬೇಕು. ಮಷೀನಿನಲ್ಲಿ ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುತ್ತದೆ ಅಂದರೆ ಒಬ್ಬ ರೋಗಿಗೆ ಒಂದು ಸಲಕ್ಕೆ 120 ಲೀಟರ್. ಆ ನೀರು ಸರಿಯಾಗಿ ಶುದ್ಧವಾಗದಿದ್ದರೆ ರೋಗಿಗೆ ಚಳಿಜ್ವರ ಹಿಡಿಯುತ್ತದೆ. ಮಧ್ಯದಲ್ಲಿ ಬಿಪಿ ಬಿದ್ದರೆ ಕಾಲು ಮೇಲೆತ್ತಿ, ನೀರು ಎಳೆಯುವುದು ನಿಲ್ಲಿಸಿ, ಸಲೈನ್ ಬಿಡಬೇಕು. ಇದನ್ನೆಲ್ಲ ಮಾಡುವುದು ಟೆಕ್ನಿಷಿಯನ್. ಕಿಡ್ನಿ ತಜ್ಞರು ದಿನವಿಡೀ ಮಷೀನ್ ಪಕ್ಕ ಕೂರುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಾದರೆ ಕಿಡ್ನಿ ತಜ್ಞರೇ ಇರುವುದು ಅಪರೂಪ.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ತಂದಿತು. ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆ ದಾಟಿ ತಾಲೂಕು ಮಟ್ಟಕ್ಕೂ ಮಷೀನು ಬಂದವು. ಮಷೀನ್ ಬಂದರೆ ಟೆಕ್ನಿಷಿಯನ್ ಬೇಕೇ ಬೇಕು. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಆಪರೇಷನ್ ಥಿಯೇಟರ್, ಹೃದಯದ ರಕ್ತನಾಳ ನೋಡುವ ಕ್ಯಾಥ್‌ಲ್ಯಾಬ್ ಎಲ್ಲದರ ಕತೆಯೂ ಇದೇ. ಮಷೀನಿನ ಹಿಂದೆ ಜಾಗ ತಾನಾಗಿ ಹುಟ್ಟುತ್ತದೆ. ಆದರೆ ಜಾಗ ಹುಟ್ಟಿತು ಅಂದರೆ ಒಳ್ಳೆ ಕೆಲಸ ಹುಟ್ಟಿತು ಅಂತಲ್ಲ. ಎಷ್ಟೋ ಕಡೆ ಗುತ್ತಿಗೆ ಮೇಲೆ ತಗೊಳ್ಳುತ್ತಾರೆ. ಸಂಬಳ ತಿಂಗಳುಗಟ್ಟಲೆ ತಡವಾಯಿತೆಂದು ಡಯಾಲಿಸಿಸ್ ಸಿಬ್ಬಂದಿ ಬೀದಿಗೆ ಇಳಿದ ಸುದ್ದಿ ನಮ್ಮ ಪೇಪರುಗಳಲ್ಲಿ ಓದಿದ್ದೇವೆ.

ಖಾಯಂ ಸರ್ಕಾರಿ ಕೆಲಸದ ಲೆಕ್ಕ ನೋಡಬೇಕಾದರೆ ರೈಲ್ವೆಯದ್ದು ನೋಡಿ. 2024ರಲ್ಲಿ ರೈಲ್ವೆ ನೇಮಕಾತಿ ಮಂಡಳಿ ಪ್ಯಾರಾಮೆಡಿಕಲ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಇಡೀ ದೇಶಕ್ಕೆ ಒಟ್ಟು 1376 ಹುದ್ದೆ. ಅದರಲ್ಲಿ ನರ್ಸಿಂಗ್ 713. ಫಾರ್ಮಸಿಸ್ಟ್ 246. ಡಯಾಲಿಸಿಸ್ ಟೆಕ್ನಿಷಿಯನ್ 20. ಡೆಂಟಲ್ ಹೈಜೀನಿಸ್ಟ್ ಎಷ್ಟು ಗೊತ್ತಾ? 3. ಹುಡುಗಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಅವಳ ಅಮ್ಮ ನಗಲಿಲ್ಲ.

ಎರಡು ಕಾನೂನು, ಎರಡು ಬಾಗಿಲು

ಇಷ್ಟು ವರ್ಷ ಲ್ಯಾಬ್ ಟೆಕ್ನಿಷಿಯನ್, ರೇಡಿಯಾಲಜಿ, ಡಯಾಲಿಸಿಸ್ ಮುಂತಾದವರಿಗೆ ಇಡೀ ದೇಶಕ್ಕೆ ಒಂದೇ ಅನ್ನುವ ಕಾನೂನೇ ಇರಲಿಲ್ಲ. ಡಾಕ್ಟರಿಗೆ ಕೌನ್ಸಿಲ್ ಇತ್ತು, ನರ್ಸಿಗೆ ಇತ್ತು, ಫಾರ್ಮಸಿಸ್ಟ್‌ಗೆ ಇತ್ತು. ಇವರು ಮಾತ್ರ ಪ್ಯಾರಾಮೆಡಿಕಲ್ ಅನ್ನೋ ದೊಡ್ಡ ಚೀಲದೊಳಗೆ. ನಮ್ಮಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ಡಿಪ್ಲೊಮಾ ಕೊಡುತ್ತಿತ್ತು, ಎಸ್ಸೆಸ್ಸೆಲ್ಸಿ ಆದವರೂ ಸೇರಬಹುದಿತ್ತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಿಎಸ್ಸಿ ಕೊಡುತ್ತದೆ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇವೆರಡರ ನಡುವೆ ಯಾವುದರ ಹೆಸರೂ ಗೊತ್ತಿಲ್ಲದ ಸರ್ಟಿಫಿಕೇಟ್ ಅಂಗಡಿಗಳು. ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್! ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಪೋಸ್ಟರ್ ನೋಡಿರುತ್ತೀರಿ.

2012ರಲ್ಲಿ ಕೇಂದ್ರ ಆರೋಗ್ಯ ಇಲಾಖೆಗಾಗಿ ತಯಾರಾದ ವರದಿಯೊಂದು ದೇಶಕ್ಕೆ ಈ ಪ್ಯಾರಾಮೆಡಿಕಲ್, ಅಂದರೆ ಅಲೈಡ್ (ಡಾಕ್ಟರ ಜೊತೆಗೂಡಿ ದುಡಿಯುವ) ವೃತ್ತಿಗಳ ಸುಮಾರು 64 ಲಕ್ಷ ಜನರ ಕೊರತೆ ಇದೆ ಅಂತ ಅಂದಾಜು ಮಾಡಿತು. ಅದಾಗಿ ಒಂಬತ್ತು ವರ್ಷದ ಮೇಲೆ, 2021ರ ಮಾರ್ಚಿನಲ್ಲಿ, ಸಂಸತ್ತು ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಪಾಸು ಮಾಡಿತು. ಹತ್ತು ಗುಂಪುಗಳಲ್ಲಿ ಐವತ್ತಕ್ಕೂ ಹೆಚ್ಚು ವೃತ್ತಿಗಳು. ಇದರ ಪ್ರಕಾರ ಅಲೈಡ್ ವೃತ್ತಿಗೆ ಕನಿಷ್ಠ 2000 ಗಂಟೆ ಕಲಿಕೆ ಬೇಕು. ಫಿಸಿಯೋಥೆರಪಿಯಂಥ ವೃತ್ತಿಗೆ 3600 ಗಂಟೆ. ಆರು ತಿಂಗಳ ಪೋಸ್ಟರ್ ಕೋರ್ಸಿನಲ್ಲಿ ದಿನಾ ಎಂಟು ಗಂಟೆ ಕೂತರೂ 2000 ಗಂಟೆ ಆಗುವುದಿಲ್ಲ, ಲೆಕ್ಕ ಹಾಕಿ ನೋಡಿ.

ಕಾನೂನು ಬಂತು, ಜಾರಿ ಮಾತ್ರ ಆಮೆ ನಡಿಗೆ. ಆರು ತಿಂಗಳಲ್ಲಿ ರಾಜ್ಯಗಳು ಕೌನ್ಸಿಲ್ ಮಾಡಬೇಕಿತ್ತು. ಹೆಚ್ಚಿನ ಕಡೆ ವರ್ಷಗಳೇ ಕಳೆದವು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟು ಕಿವಿ ಹಿಂಡಬೇಕಾಯಿತು. 2025ರಲ್ಲಿ ಫಿಸಿಯೋಥೆರಪಿ, ಆಪ್ಟೋಮೆಟ್ರಿ, ಡಯಾಲಿಸಿಸ್, ರೇಡಿಯಾಲಜಿ ಸೇರಿ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಹೊರಬಂತು. ಅದೇ ವರ್ಷ ಯುಜಿಸಿ ಈ ಕಾಯ್ದೆಯಡಿ ಬರುವ ಓದುಗಳನ್ನು ಆನ್‌ಲೈನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕೊಡುವಂತಿಲ್ಲ ಅಂದಿತು. ಒಳ್ಳೇದೇ ಆಯಿತು. ಸೂಜಿ ಚುಚ್ಚುವುದನ್ನು ಲ್ಯಾಪ್‌ಟಾಪಲ್ಲಿ ಕಲಿಯೋಕಾಗುತ್ತಾ?

ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್ ಮಾತ್ರ ಈ ಹೊಸ ಮನೆಯೊಳಗೆ ಬರಲಿಲ್ಲ. ಅವರು ಹಲ್ಲಿನ ಕಾನೂನಿನ ಕೆಳಗೇ ಉಳಿದರು. 1948ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಪಾಸಾಯಿತು. ಅಂದರೆ ಒಂದೇ ಬ್ರೋಷರಿನ ಎರಡು ಕೋರ್ಸಿಗೆ ಎರಡು ಬೇರೆ ಬಾಗಿಲು. ಡಯಾಲಿಸಿಸ್ ಓದಿದವರು ಒಂದು ಕಡೆ ಹೆಸರು ನೋಂದಾಯಿಸಬೇಕು, ಹೈಜೀನ್ ಓದಿದವರು ಇನ್ನೊಂದು ಕಡೆ. ಕಾಲೇಜಿನವರಲ್ಲಿ ಈ ವ್ಯತ್ಯಾಸ ಬಿಡಿಸಿ ಹೇಳುವವರು ಕಡಿಮೆ.

ಹೈಜೀನಿಸ್ಟ್ ಬೇಕಾಗಿರುವುದು ಎಲ್ಲಿ?

ಹಾಗಾದರೆ ಹೈಜೀನಿಸ್ಟ್ ನಮಗೆ ಬೇಡವೇ ಬೇಡವೇ? ಬೇಕು. ಆದರೆ ಡೆಂಟಿಸ್ಟ್ ಇರುವ ಕಡೆ ಅಲ್ಲ, ಇಲ್ಲದ ಕಡೆ.

ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ. ಅದನ್ನು ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ಹೋಗಿಸಲು ನೋಡಿ ವಸಡು ಕೆಡಿಸಿಕೊಳ್ಳುವವರಿದ್ದಾರೆ. ಎಲೆ ಅಡಿಕೆ, ತಂಬಾಕು, ಗುಟ್ಕಾ ಹಾಕಿ ಬಾಯಿ ಎರಡು ಬೆರಳಷ್ಟೂ ತೆರೆಯದ ಹುಡುಗರಿದ್ದಾರೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು, ಪಾನ್ ಮಸಾಲ ಬೇರೆ, ತಂಬಾಕು ಬೇರೆ ಅಂತ ಪ್ಯಾಕೆಟ್ಟು ಎರಡಾಗಿ ಬಂತು, ಅಷ್ಟೇ. ಕೆನ್ನೆಯೊಳಗೆ ಬಿಳಿ ಮಚ್ಚೆ ಬಂದಾಗಲೇ ಯಾರಾದರೂ ನೋಡಿದ್ದರೆ ಕ್ಯಾನ್ಸರ್‌ವರೆಗೆ ಹೋಗದೆ ಉಳಿಯಬಹುದಿತ್ತು ಅನ್ನುವ ಕೇಸು ಎಷ್ಟೋ. ಸಕ್ಕರೆ ಕಾಯಿಲೆ ಇದ್ದವರ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಇದನ್ನು ಕೂತು ಹೇಳುವವರು ಬೇಕು.

ಹೈಜೀನಿಸ್ಟ್ ಕೆಲಸದಲ್ಲಿ ಅರ್ಧ ಮಾತೇ. "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಅಂತ ನಂಬಿದವರಿಗೆ, ಸಡಿಲ ಆಗಿದ್ದು ಕಿಟ್ಟದಿಂದ, ಇಷ್ಟು ದಿನ ಆ ಕಿಟ್ಟವೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು ಅಂತ ತಿಳಿಸಿ ಹೇಳಬೇಕು. ಅದಕ್ಕೆ ಇಂಗ್ಲಿಷ್ ಪಠ್ಯಪುಸ್ತಕದ ಭಾಷೆ ಕೆಲಸಕ್ಕೆ ಬರುವುದಿಲ್ಲ. ಕಲಬುರಗಿಯಲ್ಲಿ ಅಲ್ಲಿಯ ಕನ್ನಡ ಬೇಕು, ಪುತ್ತೂರಲ್ಲಿ ತುಳು ಬೇಕು. ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ಹುಡುಗಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ತಡವರಿಸಬಹುದು. ಈ ಕೆಲಸದಲ್ಲಿ ಅವಳೇ ಮುಂದೆ.

ಗಂಟು ಇರುವುದು ಬೇರೆ ಕಡೆ. ನಿಯಮದ ಪ್ರಕಾರ ನಮ್ಮ ಹೈಜೀನಿಸ್ಟ್ ದಂತವೈದ್ಯರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರಿಲ್ಲ. ಡೆಂಟಿಸ್ಟ್ ಇಲ್ಲದ ಕಡೆ ಹೈಜೀನಿಸ್ಟ್ ಕೂಡುವಂತಿಲ್ಲ, ಡೆಂಟಿಸ್ಟ್ ಇರುವ ಕಡೆ ಹೈಜೀನಿಸ್ಟ್ ಬೇಕಾಗಿಲ್ಲ. ಬ್ರಿಟನ್ 2013ರಲ್ಲಿ ಈ ಗಂಟು ಬಿಚ್ಚಿತು. ಅಲ್ಲಿ ಡೆಂಟಿಸ್ಟ್ ಚೀಟಿ ಇಲ್ಲದೆ ರೋಗಿ ನೇರವಾಗಿ ಹೈಜೀನಿಸ್ಟ್ ಹತ್ತಿರ ಹೋಗಬಹುದು. ನಮ್ಮಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಯ ಪಟ್ಟಿಯಲ್ಲಿ ಬಾಯಿಯ ಆರೋಗ್ಯವೂ ಇದೆ. ಪಟ್ಟಿಯಲ್ಲಿ ಇದೆ, ಆ ಕೋಣೆಯಲ್ಲಿ ಅದಕ್ಕೆಂದೇ ಕಲಿತ ಕೈ ಇಲ್ಲ. ಇನ್ನೂ ಹತ್ತು ಡೆಂಟಲ್ ಕಾಲೇಜು ತೆರೆಯುವುದಕ್ಕಿಂತ ಅಲ್ಲೊಂದು ಹುದ್ದೆ ಮಾಡುವುದು ಮೇಲು ಅಂತ ನನಗನ್ನಿಸುತ್ತದೆ. ಹುದ್ದೆ ಆದರೆ ಕೋರ್ಸು ತಾನಾಗಿ ತುಂಬುತ್ತದೆ.

ಯೂಟ್ಯೂಬಿನ ಅಮೆರಿಕ

ಇನ್ನು ಅಮೆರಿಕದ ಆಸೆ. ಇಲ್ಲಿ ಎರಡು ವರ್ಷದ ಹೈಜೀನ್ ಡಿಪ್ಲೊಮಾ ಮಾಡಿ ಅಲ್ಲಿ ಹೋಗಿ ಕೆಲಸಕ್ಕೆ ನಿಲ್ಲುತ್ತೇನೆ ಅಂದರೆ ಸುಮ್ನೆ ಆಗುವ ಮಾತಲ್ಲ. ಅಲ್ಲಿ ಲೈಸೆನ್ಸ್ ರಾಜ್ಯ ರಾಜ್ಯಕ್ಕೂ ಬೇರೆ. ಹೆಚ್ಚಿನ ರಾಜ್ಯಗಳು ತಮ್ಮಲ್ಲಿ ಮಾನ್ಯತೆ ಪಡೆದ ಕಾಲೇಜಿನ ಓದನ್ನೇ ಕೇಳುತ್ತವೆ. ತಮಾಷೆ ಅಂದರೆ ಈ ದಾರಿಯಲ್ಲಿ ಸಿಗುವ ಕನ್ನಡಿಗರಲ್ಲಿ ಬಿಡಿಎಸ್ ಮಾಡಿದವರಿದ್ದಾರೆ. ಗಂಡನ ಕೆಲಸದ ಮೇಲೆ ಹೋದ ಡೆಂಟಿಸ್ಟ್ ಅಲ್ಲಿ ಡೆಂಟಿಸ್ಟ್ ಆಗಬೇಕಾದರೆ ಮತ್ತೆ ಎರಡು ಮೂರು ವರ್ಷ ಭಾರಿ ಫೀಸು ಕಟ್ಟಿ ಓದಬೇಕು. ಫ್ಲೋರಿಡಾದಂಥ ಕಡೆ ಹೊರದೇಶದಲ್ಲಿ ಕಲಿತ ಡೆಂಟಿಸ್ಟ್‌ಗಳು ಹೈಜೀನಿಸ್ಟ್ ಪರೀಕ್ಷೆ ಬರೆಯಲು ಅವಕಾಶ ಇದೆ. ಹಾಗಾಗಿ ಇಲ್ಲಿ ಹೈಜೀನಿಸ್ಟ್‌ನ ಜಾಗದಲ್ಲಿ ಕೂತಿದ್ದ ಡೆಂಟಿಸ್ಟ್, ಅಲ್ಲಿ ಹೋಗಿ ನಿಜವಾಗಿಯೂ ಹೈಜೀನಿಸ್ಟ್ ಆಗುತ್ತಾರೆ. ಸಂಬಳ ಮಾತ್ರ ಇಲ್ಲಿಯ ಡೆಂಟಿಸ್ಟ್‌ಗಿಂತ ಎಷ್ಟೋ ಪಾಲು ಜಾಸ್ತಿ.

ಹುಡುಗಿಗೆ ನಾನು ಇದು ತಗೋ, ಅದು ಬಿಡು ಅಂತ ಹೇಳಲಿಲ್ಲ. ಬ್ರೋಷರ್ ಮುಚ್ಚಿಟ್ಟು ಕಾಲೇಜಿಗೆ ಹೋಗಿ ನೋಡು ಅಂದೆ. ಆಫೀಸಿಗಲ್ಲ, ಆಸ್ಪತ್ರೆಗೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿ ವಿಭಾಗದಲ್ಲಿ ಎಷ್ಟು ಜನ ಕೂತಿದ್ದಾರೆ ಎಣಿಸು. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ 2000 ಗಂಟೆ ಏನು ಕಲಿಯುತ್ತೀಯ? ಡಯಾಲಿಸಿಸ್ ಮಷೀನ್ ಎಷ್ಟಿವೆ, ಒಂದು ಬ್ಯಾಚಿಗೆ ಹುಡುಗರು ಎಷ್ಟು ಅಂತ ಕೇಳು. ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಕೊಡುತ್ತಾರಾ, ಇಲ್ಲ ನೀನೇ ದುಡ್ಡು ಕೊಟ್ಟು ಕೆಲಸ ಮಾಡಬೇಕಾ ಅಂತ ಕೇಳು. ಹೋದ ವರ್ಷ ಪಾಸಾದವರಲ್ಲಿ ಇಬ್ಬರ ಜೊತೆ ಮಾತಾಡು, ಕಾಲೇಜಿನವರು ತೋರಿಸಿದವರ ಜೊತೆ ಅಲ್ಲ.

ಮುಂದಿನ ವಾರ ಮತ್ತೆ ಬಂದಳು. ಮೊದಲನೇ ಕಾಲೇಜಲ್ಲಿ ಮಷೀನ್ ನೋಡಬೇಕು ಅಂದಳಂತೆ. ಒಳಗೆ ಬಿಟ್ಟರಂತೆ. "ಎರಡು ಮಷೀನ್ ಇತ್ತು ಅಂಕಲ್. ಒಂದರ ಮೇಲೆ ಇನ್ನೂ ಪ್ಲಾಸ್ಟಿಕ್ ಕವರ್ ಇತ್ತು. ನಾಳೆ ಇನ್ನೊಂದು ಕಾಲೇಜಿಗೆ ಹೋಗ್ತೀನಿ."